ಹಳೇ ಪಾರ್ಟು

ಮೂರನೆಯ ದಿನ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ, ಆ ಆಸಿಲೋಸ್ಕೋಪಿನಲ್ಲಿ ಯಾವ ದೋಷವೂ ಇಲ್ಲ ಎಂಬುದು ದಿವಾಕರನಿಗೆ ಗೊತ್ತಾಯಿತು. ಗೊತ್ತಾದ ಕೂಡಲೇ ಅವನು ಮಾಡಿದ ಮೊದಲ ಕೆಲಸವೆಂದರೆ ಯಾರಾದರೂ ಕಂಡರೇ ಎಂದು ಅಂಗಡಿಯ ಬಾಗಿಲ ಕಡೆ ತಿರುಗಿ ನೋಡಿದ್ದು. ತಮಿಳು ಸೀಮೆಯ ತುಡಿಯಲೂರಿನ ಆ ಅಡ್ಡರಸ್ತೆಯಲ್ಲಿ ಯಾರೂ ಇರಲಿಲ್ಲ. ಎದುರಿನ ಲೇತ್ ಶೆಡ್ಡಿನವರು ಟೀ ಕುಡಿಯಲು ಹೋಗಿದ್ದರು, ಅವರ ರೇಡಿಯೋ ಮಾತ್ರ ತನ್ನ ಪಾಡಿಗೆ ಮಾತಾಡುತ್ತಿತ್ತು. ಪರದೆಯ ಮೇಲೆ ಎರಡು ಹಸಿರು ಗೆರೆಗಳು, ಒಂದರ ಕೆಳಗೊಂದು, ಕದಲದೆ ನಿಂತಿದ್ದವು. ಅವನು ತೋರುಬೆರಳಿನಿಂದ ಮತ್ತೆ ಪರದೆಯ ಪಕ್ಕದ ಪುಟ್ಟ ಗುಂಡಿಯನ್ನು ಒತ್ತಿದ. ಗುಂಡಿ ಟಕ್ಕೆಂದು ಹೊರಗೆ ಬಂತು, ಗೆರೆಗಳು ಎರಡು ದಿನದಿಂದ ಮಿಣುಕುತ್ತಿದ್ದ ಹಾಗೆಯೇ ಮಿಣುಕತೊಡಗಿದವು. ಒಳಕ್ಕೆ ಒತ್ತಿದ, ನಿಂತವು. ನಾಲ್ಕು ಸಲ ಹೀಗೆ ಮಾಡಿ, ಐದನೆಯ ಸಲ ಒತ್ತಲು ಮನಸ್ಸಾಗದೆ, ಸ್ಟೂಲಿನ ಮೇಲೆ ಕೂತ.

ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಕರೆಂಟಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ಬರೆಯುವ ಯಂತ್ರ ಇದು. ಎರಡು ಗೆರೆಗಳನ್ನು ತೋರಿಸಬೇಕಾದಾಗ ಸ್ಕೋಪು ಎರಡರಲ್ಲಿ ಒಂದು ಉಪಾಯ ಹೂಡುತ್ತದೆ. ಮೇಲಿನ ಗೆರೆಯನ್ನೊಮ್ಮೆ ಪೂರ್ತಿಯಾಗಿ, ಕೆಳಗಿನದನ್ನೊಮ್ಮೆ ಪೂರ್ತಿಯಾಗಿ, ಹೀಗೆ ಸರದಿಯ ಮೇಲೆ ಬರೆಯುವುದು ಒಂದು. ಎರಡನ್ನೂ ಚೂರುಚೂರು ಮಾಡಿ ಜೊತೆಜೊತೆಗೇ ಬರೆಯುತ್ತಾ ಹೋಗುವುದು ಇನ್ನೊಂದು. ವೇಗ ಹೆಚ್ಚಿದ್ದರೆ ಸರದಿ ಕಣ್ಣಿಗೆ ತಿಳಿಯುವುದಿಲ್ಲ. ವೇಗ ತಗ್ಗಿಸಿ ಸರದಿಯಲ್ಲೇ ಬಿಟ್ಟರೆ ಮಿಣುಕುತ್ತದೆ, ಮಿಣುಕಲೇಬೇಕು. ಯಾವುದು ಬೇಕೆಂದು ಆರಿಸಲು ಮುಂಭಾಗದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗುಂಡಿ. ಪಾಲಿಟೆಕ್ನಿಕ್ಕಿನ ಮೊದಲ ವರ್ಷದವರಿಗೂ ಗೊತ್ತಿರುವ ಸಂಗತಿ. ದಿವಾಕರನಿಗೆ ಗೊತ್ತಿತ್ತು. ಅವನಿಗೆ ಇದನ್ನು ಕಲಿಸಿದವರು ಇಸ್ಮಾಯಿಲ್ ಸಾರ್. ಈ ಸ್ಕೋಪೂ ಇಸ್ಮಾಯಿಲ್ ಸಾರ್ ಅವರದೇ, ಮಿಣುಕುತ್ತಿದೆ ಎಂದು ಆಟೋದಲ್ಲಿ ಹೊತ್ತು ತಂದು ಕೊಟ್ಟವರೂ ಅವರೇ.

ಭಾನುವಾರ ಬಂದಿದ್ದರು. ಎಪ್ಪತ್ತಾರು ವರ್ಷದವರು, ಪೋತ್ತನೂರಿನಿಂದ ಇಷ್ಟು ದೂರ, ಹಳೇ ಸೀರೆಯಲ್ಲಿ ಸುತ್ತಿದ ಸ್ಕೋಪನ್ನು ತೊಡೆಯ ಮೇಲಿಟ್ಟುಕೊಂಡು. 'ಹೈ ವೋಲ್ಟೇಜು ಕೈ ಕೊಡ್ತಾ ಇದೆ ಕಣೋ. ನಾನೇ ಬಿಚ್ಚೋಣ ಅಂದ್ರೆ ಮಗಳು ಬಿಡಲ್ಲ, ಕೈ ನಡುಗುತ್ತೆ ಅಂತಾಳೆ,' ಎಂದಿದ್ದರು. ಕೈ ನಡುಗುತ್ತಿರಲಿಲ್ಲ, ದಿವಾಕರ ಗಮನಿಸಿ ನೋಡಿದ್ದ. ಟೀ ಲೋಟ ಹಿಡಿದ ಬೆರಳುಗಳು ಮೊದಲಿನ ಹಾಗೆಯೇ ನೆಟ್ಟಗಿದ್ದವು. ಅವರು ಹೈ ವೋಲ್ಟೇಜು ಎಂದ ಮೇಲೆ ಅದು ಹೈ ವೋಲ್ಟೇಜೇ. ಮೂವತ್ತು ವರ್ಷದ ಹಿಂದೆ ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಅವರು ಒಂದು ಯಂತ್ರವನ್ನು ಮುಟ್ಟದೆ, ಬರೀ ಮೂಸಿ, ಯಾವ ರೆಸಿಸ್ಟರ್ ಸುಟ್ಟಿದೆ ಎಂದು ಹೇಳಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅಂಥವರ ಮಾತನ್ನು ಪರೀಕ್ಷೆ ಮಾಡುವುದುಂಟೆ? ಅವರು ಹೊರಟ ಹತ್ತು ನಿಮಿಷದೊಳಗೆ ಕವಚ ಬಿಚ್ಚಿದ್ದ.

ಎರಡು ದಿನ. ತಿರುಪ್ಪೂರಿನಿಂದ ಬಂದ ಹೆಣಿಗೆ ಯಂತ್ರದ ಬೋರ್ಡುಗಳು ಆರು, ಬನಿಯನ್ ಕಂಪನಿಯವರು ಗಂಟೆಗೊಮ್ಮೆ ಫೋನು ಮಾಡುತ್ತಿದ್ದರು, ಅವೆಲ್ಲವನ್ನೂ ಪಕ್ಕಕ್ಕೆ ಸರಿಸಿ ಅವನು ಈ ಸ್ಕೋಪಿನ ಹೊಟ್ಟೆಯೊಳಗೆ ಕೂತಿದ್ದ. ಬಣ್ಣದ ಬ್ರಷ್ಷಿನಿಂದ ಧೂಳು ತೆಗೆದ. ಎರಡು ಸಾವಿರ ವೋಲ್ಟು ಓಡಾಡುವ ಜಾಗದಲ್ಲಿ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು ಒಂದೇ ಕೈಯಲ್ಲಿ ಅಳೆದ. ಅದೂ ಅವರು ಕಲಿಸಿದ್ದೇ, ಎರಡು ಕೈಯೂ ಒಳಗಿದ್ದರೆ ಕರೆಂಟು ಎದೆಯ ಮೇಲೆ ಹಾದು ಹೋಗುತ್ತದೆ ಎಂದು. ಪಿಕ್ಚರ್ ಟ್ಯೂಬಿನ ಬುಡದ ಸಾಕೆಟ್ಟು ಕಿತ್ತು ಸ್ಪಿರಿಟ್ಟಿನಲ್ಲಿ ಒರೆಸಿದ. ಹನ್ನೊಂದು ಕಡೆ ಸಾಲ್ಡರನ್ನು ಮತ್ತೆ ಕಾಯಿಸಿದ. ಅಳತೆಗಳೆಲ್ಲ ಸರಿಯಾಗಿಯೇ ಇದ್ದವು. ಸರಿಯಾಗಿದ್ದಷ್ಟೂ ಅವನಿಗೆ ಭಯವಾಗುತ್ತಿತ್ತು, ಮೀಟರಿನ ಮೇಲೆ ಅನುಮಾನ ಬರುತ್ತಿತ್ತು, ಇನ್ನೊಂದು ಮೀಟರು ತರಿಸಿದ. ಬಿಚ್ಚಿಟ್ಟಿದ್ದ ಕವಚವನ್ನು ಇಂದು ಬೆಳಿಗ್ಗೆ ಪಕ್ಕಕ್ಕೆ ಎತ್ತಿಡುವಾಗ ಅದರ ಅಂಚು ತಾಗಿ ಮುಂಭಾಗದ ಗುಂಡಿ ಒಳಕ್ಕೆ ಹೋಯಿತು. ಗೆರೆಗಳು ನಿಂತವು.

ಒಂದು ವೇಳೆ ಆಟೋದ ಕುಲುಕಾಟಕ್ಕೆ ಗುಂಡಿ ತಾನಾಗಿ ಒತ್ತಿಕೊಂಡು ಹೊರಬಂದಿರಬಹುದೆ? ಈ ಯೋಚನೆ ಬಂದಾಗ ಅವನಿಗೆ ಎಷ್ಟು ಹಗುರವಾಯಿತೆಂದರೆ ಎದ್ದು ನೀರು ಕುಡಿದ. ಆಮೇಲೆ ವಿಡಿಯೋ ನೆನಪಾಯಿತು. ಬರುವುದಕ್ಕೆ ಒಂದು ವಾರ ಮೊದಲು, ಮಗಳ ಫೋನಿನಿಂದ ಇಸ್ಮಾಯಿಲ್ ಸಾರ್ ಒಂದೂವರೆ ನಿಮಿಷದ ವಿಡಿಯೋ ಕಳಿಸಿದ್ದರು; ಅವನು ಆಗ ಐದು ಸೆಕೆಂಡು ನೋಡಿ ತಂದುಬಿಡಿ ಸಾರ್ ಎಂದಿದ್ದ. ಈಗ ಪೂರ್ತಿ ನೋಡಿದ. ಮನೆಯ ಮೇಜು, ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಸು, ಮಿಣುಕುವ ಪರದೆ. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದ. ಗುಂಡಿ ಹೊರಗಿತ್ತು. ಅದರ ಪಕ್ಕದಲ್ಲೇ ಅವರ ಕೈ ಬೆಳಕು ಹೆಚ್ಚು ಕಡಿಮೆ ಮಾಡುವ ತಿರುಗಣೆಯನ್ನು ತಿರುಗಿಸುತ್ತಿತ್ತು, ಮತ್ತೆ ಹಿಂದಕ್ಕೆ ತಿರುಗಿಸುತ್ತಿತ್ತು, ಫೋಕಸ್ಸಿಗೆ ಹೋಗಿ ಅದನ್ನೂ ತಿರುಗಿಸಿ ಮತ್ತೆ ಬೆಳಕಿಗೇ ಬರುತ್ತಿತ್ತು. 'ಯಾಕೆ ಹೀಗಾಡ್ತಿದೀಯ, ಯಾಕೆ ಹೀಗಾಡ್ತಿದೀಯ,' ಎಂದು ಮೆಲ್ಲಗೆ ಯಂತ್ರಕ್ಕೆ ಹೇಳುತ್ತಿದ್ದರು. ಒಂದು ಸಲ ಬೆರಳು ಆ ಗುಂಡಿಯ ಮೇಲೆಯೇ ಹಾದು ಹೋಯಿತು, ಗೋಡೆಯ ಮೇಲೆ ಕೈಯಾಡಿಸಿದ ಹಾಗೆ. ದಿವಾಕರ ಫೋನನ್ನು ಬೋರಲು ಹಾಕಿದ.

ವರ್ಕ್‌ಶಾಪಿನ ಆ ಕಾಲದಲ್ಲಿ ಅವನು ಇಪ್ಪತ್ತೊಂದರವನು, ಅಪ್ರೆಂಟಿಸು. ತುಡಿಯಲೂರಿನಾಚೆ ಹೊಲದ ಮಧ್ಯದ ಮನೆಯಿಂದ ಸೈಕಲ್ಲಿನಲ್ಲಿ ಬಂದು ಬಸ್ಸು ಹಿಡಿದು ಪೋತ್ತನೂರಿಗೆ ಹೋಗುತ್ತಿದ್ದವನು. ಎಷ್ಟೋ ತಲೆಮಾರಿನಿಂದ ಅವನ ಮನೆಯವರದು ಒಲೆಯ ಮುಂದೆ, ದನದ ಮುಂದೆ ಆಡುವ ಕನ್ನಡ. ಹೊಸ್ತಿಲು ದಾಟಿದರೆ ತಮಿಳು. ಕನ್ನಡವನ್ನು ಓದಲು ಅವನಿಗೆ ಬರುವುದಿಲ್ಲ. ವರ್ಕ್‌ಶಾಪಿನಲ್ಲಿ ಅರಸೀಕೆರೆಯ ಇಸ್ಮಾಯಿಲ್ ಕನ್ನಡ ಮಾತಾಡಿದಾಗ, ಮನೆಯೊಳಗಿನ ಮಾತು ಮೇಲಧಿಕಾರಿಯ ಬಾಯಲ್ಲಿ ಕೇಳಿ ನಾಚಿಕೆಯಾಗಿತ್ತು. ಎಲ್ಲರೂ ಅವರನ್ನು ತಮಿಳರ ರೂಢಿಯಂತೆ ಬಾಯ್, ಅಂದರೆ ಭಾಯಿ, ಎಂದು ಕರೆದರೆ ಇವನು ಸಾರ್ ಎನ್ನುತ್ತಿದ್ದ. ಒಂದು ದಿನ ಇಂಥದೇ ಒಂದು ಸ್ಕೋಪು, ಇಂಥದೇ ಮಿಣುಕು. ಮೆಚ್ಚಿಸಬೇಕೆಂದು ಅವನು ಯಾರಿಗೂ ಹೇಳದೆ ಬಿಚ್ಚಿ ಅರ್ಧ ದಿನ ಒದ್ದಾಡಿದ. ಇಸ್ಮಾಯಿಲ್ ಸಾರ್ ಬಂದರು, ಒಂದು ಬೆರಳಿನಿಂದ ಗುಂಡಿ ಒತ್ತಿದರು, ಹನ್ನೆರಡು ಜನರ ಎದುರಿಗೆ ತಮಿಳಿನಲ್ಲಿ ಹೇಳಿದರು: ನಮ್ಮ ಡಾಕ್ಟರು ಮೊದಲು ಹೊಟ್ಟೆ ಕೊಯ್ಯುತ್ತಾರೆ, ಆಮೇಲೆ ಜ್ವರ ಇದೆಯಾ ಎಂದು ಕೈ ಹಿಡಿದು ನೋಡುತ್ತಾರೆ. ಎರಡು ವರ್ಷ ಎಲ್ಲರೂ ಅವನನ್ನು ಡಾಕ್ಟರ್ ಎಂದರು. ಕ್ಯಾಂಟೀನಿನ ಮಾರಿಮುತ್ತು ಕೂಡ, ಡಾಕ್ಟರಿಗೆ ಒಂದು ಟೀ, ಎಂದು ಕೂಗುತ್ತಿದ್ದ. ಅವರು ಕನ್ನಡದಲ್ಲಿ ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ ಎಂದು ದಿವಾಕರನಿಗೆ ಆಗಾಗ ಅನ್ನಿಸಿದ್ದುಂಟು.

ಅದಕ್ಕೇ ಇರಬೇಕು, ಗೆರೆಗಳು ನಿಂತ ಆ ಕ್ಷಣದಲ್ಲಿ ಅವನಿಗೆ ಮೊದಲು ಆದದ್ದು ಖುಷಿ. ಮುಚ್ಚಿಟ್ಟು ಪ್ರಯೋಜನವಿಲ್ಲ. ಒಂದು ಸೆಕೆಂಡು, ಅಷ್ಟೇ. ಸಿಕ್ಕಿಬಿದ್ದಿರಾ ಸಾರ್, ಎಂದು ಯಾವನೋ ಒಳಗೆ ಕುಣಿದ. ಬಾಗಿಲ ಕಡೆ ತಿರುಗಿ ನೋಡಿದ್ದು ಆ ಕುಣಿದವನನ್ನು ಯಾರಾದರೂ ಕಂಡರೇ ಎಂದೇ. ಐವತ್ತೊಂದು ವರ್ಷ, ತಲೆ ಮುಕ್ಕಾಲು ನರೆತಿದೆ, ಒಳಗೆ ಇನ್ನೂ ಇಂಥವನೊಬ್ಬ ಬಾಡಿಗೆ ಕೊಡದೆ ಇದ್ದಾನಲ್ಲ ಎಂದು ಅವನಿಗೆ ಹೇಸಿಗೆಯಾಯಿತು. ಆಮೇಲೆ ಕನಿಕರ ಬಂತು. ಕನಿಕರ ಬಂದದ್ದು ಒಳ್ಳೆಯದೇ ಆದರೂ, ಅದು ಖುಷಿಯ ಬೆನ್ನಿಗೇ ಬಂದದ್ದರಿಂದ ಅದರ ಮೇಲೂ ಪೂರ್ತಿ ನಂಬಿಕೆ ಹುಟ್ಟಲಿಲ್ಲ.

ಊಟಕ್ಕೆ ಮನೆಗೆ ಹೋದ. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಗೋಕಿಲಾ ತಟ್ಟೆ ಇಟ್ಟು ಎದುರಿಗೆ ಕೂತಳು. ಅವಳಿಗೆ ಸ್ಕೋಪಿನ ವಿಷಯ ಗೊತ್ತಿರಲಿಲ್ಲ, ಗಂಡನ ಮುಖದ ವಿಷಯ ಗೊತ್ತಿತ್ತು. ಕೇಳಿದಳು, ಅವನು ಹೇಳಿದ.

'ಅಂಗಾದ್ರೆ ಫೋನು ಮಾಡಿ ಯೋಳ್ಬಿಡಿ. ಗುಂಡಿ ಒತ್ತೋಕೆ ಮರ್ತೋಗೈತೆ ಸಾರ್ ಅಂತ. ಅದ್ರಲ್ಲಿ ಏನೈತೆ?'

'ಅವ್ರು ಮರೆಯೋ ಆಳಲ್ಲ ಗೋಕಿಲಾ.'

'ವಯಸಾಯ್ತಲ್ಲ, ಎಲ್ರೂ ಮರೀತಾರೆ. ನಾನು ನಿನ್ನೆ ಕುಳಂಬಿಗೆ ಉಪ್ಪು ಎರಡು ಕಿತ ಆಕ್ದೆ. ನೀವೂ ಸುಮ್ಕೆ ತಿಂದ್ರಿ.'

'ಅದು ಬೇರೆ, ಇದು ಬೇರೆ.'

'ಏನು ಬೇರೆ? ಅವ್ರ ಮಗಳಿಗಾದ್ರೂ ಯೋಳಿ. ಮನಸು ನೋಯುತ್ತೆ ಅಂತ ಇವತ್ತು ಮುಚ್ಚಿ ಮಡಗಿದ್ರೆ, ನಾಳೆ ರೋಡಲ್ಲಿ ದಾರಿ ಮರ್ತು ನಿಂತ್ಕತಾರೆ. ಪಾಪ, ರೊಂಬ ಒಳ್ಳೆ ಮನುಷ್ಯ.'

ಅವನು ಮಜ್ಜಿಗೆ ಕಲಸಿಕೊಂಡ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅವಳಿಗೆ ಆ ಬೆರಳುಗಳು ಗೊತ್ತಿರಲಿಲ್ಲ, ಆ ಬೆರಳುಗಳ ಮುಂದೆ ಹನ್ನೆರಡು ಜನ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದದ್ದು ಗೊತ್ತಿರಲಿಲ್ಲ. ಗುಂಡಿ ಒತ್ತಿರಲಿಲ್ಲ ಸಾರ್, ಎಂದು ಹೇಳುವುದೆಂದರೆ, ನಿಮ್ಮ ತಲೆ ಹೋಗುತ್ತಿದೆ ಸಾರ್, ಎಂದಂತೆ. ಹೇಳುವವನು ಇಡೀ ಲೋಕದಲ್ಲಿ ಯಾರು ಬೇಕಾದರೂ ಆಗಬಹುದಿತ್ತು, ಡಾಕ್ಟರ್ ದಿವಾಕರ ಮಾತ್ರ ಆಗಕೂಡದು. ಅವರಿಗೆ ಗೊತ್ತಾಗಬಾರದು. ಸ್ಕೋಪು ಕೆಟ್ಟಿತ್ತು, ಸರಿಯಾಯಿತು, ಮುಗಿಯಿತು. ಹೀಗೆ ತೀರ್ಮಾನ ಮಾಡಿದ ಮೇಲೆ ಅವನಿಗೆ ಎರಡು ದಿನದಲ್ಲಿ ಮೊದಲ ಸಲ ಹಸಿವೆಯಾಯಿತು, ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡ.

ಮುಗಿಯಬೇಕಾದರೆ ಹಳೇ ಪಾರ್ಟು ಬೇಕು. ಈ ಕಡೆ ಯಾವ ರಿಪೇರಿಯವನೂ ಬಾಯಿಮಾತಿನಲ್ಲಿ ಕೆಲಸ ಮುಗಿಸುವುದಿಲ್ಲ. ಬೈಕಿನವನಾಗಲಿ ಮಿಕ್ಸಿಯವನಾಗಲಿ, ಕಿತ್ತ ಭಾಗವನ್ನು ಕಾಗದದಲ್ಲಿ ಸುತ್ತಿ ಗಿರಾಕಿಯ ಕೈಗೆ ಕೊಡುತ್ತಾನೆ, ನೋಡಿಕೋ, ಇದೇ ಹೋಗಿತ್ತು, ಎಂದು. ಗಿರಾಕಿ ಅದನ್ನು ಮನೆಗೊಯ್ದು ಯಾವುದೋ ಡಬ್ಬಿಯಲ್ಲಿ ಇಡುತ್ತಾನೆ, ವರ್ಷಗಟ್ಟಲೆ ಬಿಸಾಡುವುದಿಲ್ಲ. ವರ್ಕ್‌ಶಾಪಿನಲ್ಲಂತೂ ಇಸ್ಮಾಯಿಲ್ ಸಾರ್ ಈ ವಿಷಯದಲ್ಲಿ ಕಟುಕರು. ಹಳೆಯದು ಮೇಜಿನ ಮೇಲೆ ಬೀಳದೆ ಹೊಸದು ಕೈಗೆ ಬರುತ್ತಿರಲಿಲ್ಲ. ದಿವಾಕರ ಬೆಂಚಿನ ಕೆಳಗಿನಿಂದ ಸತ್ತ ಭಾಗಗಳ ಬಿಸ್ಕೆಟ್ ಡಬ್ಬಿಯನ್ನು ಎಳೆದು ವೃತ್ತಪತ್ರಿಕೆಯ ಮೇಲೆ ಸುರಿದ. ಡಯೋಡುಗಳು ಬೇಡ, ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಕೆಟ್ಟದ್ದು ಕಾಣಬೇಕು, ವಯಸ್ಸಾದ ಕಣ್ಣಿಗೂ, ಒಂದೇ ನೋಟಕ್ಕೆ, ಅನುಮಾನವೇ ಬರದಂತೆ ಕಾಣಬೇಕು. ಹುಡುಕಿ ಹುಡುಕಿ ಒಂದು ಕೆಪ್ಯಾಸಿಟರನ್ನು ಆರಿಸಿದ. ನೆತ್ತಿ ಉಬ್ಬಿ ಒಡೆದಿತ್ತು, ಕಂದು ರಸ ಸೋರಿ ಒಣಗಿತ್ತು, ಮೈಮೇಲಿನ ಅಕ್ಷರಗಳು ಅರ್ಧ ಅಳಿಸಿದ್ದವು. ಇಷ್ಟು ಚೆನ್ನಾಗಿ ಕೆಟ್ಟದ್ದು ಸಿಕ್ಕಿದ್ದಕ್ಕೆ ಅವನಿಗೆ ಸಮಾಧಾನವೇ ಆಯಿತು. ಕ್ಯಾಲೆಂಡರಿನ ಹಾಳೆ ಹರಿದು, ಔಷಧಿಯ ಪುಡಿ ಕಟ್ಟುವ ಹಾಗೆ ನೀಟಾಗಿ ಮಡಿಸಿ ಕಟ್ಟಿದ. ಗುಂಡಿಯನ್ನು ಒಳಕ್ಕೊತ್ತಿ, ಕವಚ ಮುಚ್ಚಿ, ಸ್ಕ್ರೂ ಬಿಗಿ ಮಾಡಿ, ರೆಡಿಯಾಗಿದೆ ಸಾರ್ ಎಂದು ಫೋನು ಮಾಡಿದ.

ಮಾರನೆಯ ದಿನ ಹನ್ನೊಂದಕ್ಕೆ ಇಸ್ಮಾಯಿಲ್ ಸಾರ್ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನೇರವಾಗಿ ಬೆಂಚಿನ ಹತ್ತಿರ ಹೋಗಿ ತಾವೇ ಸ್ವಿಚ್ ಹಾಕಿ ನಿಂತರು. ಟ್ಯೂಬು ಬಿಸಿಯಾಗುವ ತನಕ ಇಬ್ಬರೂ ಪರದೆಯನ್ನೇ ನೋಡಿದರು. ಎರಡು ಗೆರೆಗಳು ಮೂಡಿದವು, ನಿಂತವು. ಅವರು ವೇಗವನ್ನು ತಗ್ಗಿಸಿದರು, ಇನ್ನೂ ತಗ್ಗಿಸಿದರು. ಮಿಣುಕಲಿಲ್ಲ.

'ಶಹಬ್ಬಾಸ್,' ಎಂದರು. ಮುಖ ಅರಳಿತು. 'ನಾನು ಹೇಳ್ಲಿಲ್ವಾ, ಹೈ ವೋಲ್ಟೇಜು ಅಂತ? ಮಗಳಿಗೆ ನಂಬಿಕೆ ಇರ್ಲಿಲ್ಲ. ಅದನ್ನ ಗುಜರಿಗೆ ಹಾಕಿ ಅಬ್ಬಾ, ಅಂತ ಅಪ್ಪನಿಗೇ ಹೇಳ್ತಾಳೆ. ಏನಾಗಿತ್ತು?'

'ಒಂದು ಕೆಪ್ಯಾಸಿಟರ್ ಓಗಿತ್ತು ಸಾರ್. ನೀವು ಯೋಳಿದ ಜಾಗ್ದಲ್ಲೇ.'

'ನೋಡ್ದಾ! ಎಲ್ಲಿ, ಹಳೇದು ತೋರ್ಸು.'

ದಿವಾಕರ ಪೊಟ್ಟಣ ಕೊಟ್ಟ. ಅವರು ಆತುರವಿಲ್ಲದೆ ಬಿಚ್ಚಿದರು, ಕನ್ನಡಕವನ್ನು ಹಣೆಗೇರಿಸಿ, ಕೆಪ್ಯಾಸಿಟರನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿದರು. 'ಪೂರಾ ಹೋಗಿದೆ,' ಎಂದರು. ಇನ್ನೊಂದು ಸಲ ತಿರುಗಿಸಿದರು. ಆಮೇಲೆ ತಿರುಗಿಸುವುದನ್ನು ನಿಲ್ಲಿಸಿ ಅದರ ಬುಡವನ್ನೇ ನೋಡುತ್ತಾ ನಿಂತರು. ಎದುರಿನ ಶೆಡ್ಡಿನಲ್ಲಿ ಲೇತ್ ಓಡಲಾರಂಭಿಸಿ, ಕಬ್ಬಿಣ ತುರಿಯುವ ಸದ್ದು ಅಂಗಡಿಯೊಳಗೆ ತುಂಬಿತು.

'ಕಾಲು ಎರಡೂ ಒಂದೇ ಕಡೆ ಇದೆಯಲ್ಲೋ,' ಎಂದರು.

ದಿವಾಕರನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿಯ ಹಿಂದೆ ಬಿಸಿಯಾಯಿತು. ಆ ಕಾಲದ ಈ ಸ್ಕೋಪಿನಲ್ಲಿ ಕೆಪ್ಯಾಸಿಟರುಗಳೆಲ್ಲ ಮಲಗಿಕೊಂಡಿರುತ್ತವೆ, ಆ ತುದಿಗೊಂದು ಈ ತುದಿಗೊಂದು ಕಾಲು. ಎರಡು ದಿನ ಅವುಗಳ ನಡುವೆಯೇ ಬೆರಳಾಡಿಸಿದವನು ಅವನು. ಇದು ನಿಂತುಕೊಳ್ಳುವ ಜಾತಿಯದು, ತಿರುಪ್ಪೂರಿನ ಯಾವುದೋ ಹೆಣಿಗೆ ಯಂತ್ರದ್ದು, ಹತ್ತು ವರ್ಷದ ಈಚಿನದು. ಡಬ್ಬಿಯಲ್ಲಿ ಮಲಗುವ ಜಾತಿಯವೂ ಇದ್ದವು. ಅವು ಇಷ್ಟು ಚೆನ್ನಾಗಿ ಕೆಟ್ಟಿರಲಿಲ್ಲ ಎಂದು ಬಿಟ್ಟಿದ್ದ. ಮೆಕ್ಯಾನಿಕ್ಕಿಗೆ ತೋರಿಸುವ ಪಾರ್ಟನ್ನು ಅವನು ಆರಿಸಿರಲೇ ಇಲ್ಲ, ರೋಗಿಗೆ ತೋರಿಸುವುದನ್ನು ಆರಿಸಿದ್ದ. ಮೊನ್ನೆ ಮೊನ್ನೆಯದನ್ನು ಮರೆಯುವ ತಲೆಯೊಳಗೆ, ನಲವತ್ತು ವರ್ಷದ ಹಿಂದಿನ ಯಂತ್ರದ ಒಂದೊಂದು ಕಾಲೂ ಎಲ್ಲೆಲ್ಲಿದೆಯೆಂಬುದು ಹಾಗೇ ಉಳಿದಿರಬಹುದೆಂದು ಅವನಿಗೆ ಹೊಳೆದಿರಲಿಲ್ಲ.

'ಇದು ಇದರದ್ದಲ್ಲ,' ಎಂದರು ಇಸ್ಮಾಯಿಲ್ ಸಾರ್. ಸಿಟ್ಟಿನ ದನಿಯಲ್ಲ, ಸ್ಟೋರಿನಲ್ಲಿ ಲೆಕ್ಕ ತಪ್ಪಿದಾಗ ಕೇಳುವ ದನಿ. 'ಬೇರೆ ಯಾವುದರ ಜೊತೆಗೋ ಅದಲು ಬದಲಾಗಿದೆ. ಇದರದ್ದು ಎಲ್ಲಿ?'

ಹೌದು ಸಾರ್, ಅದಲು ಬದಲಾಗಿದೆ, ಎನ್ನಬಹುದಿತ್ತು. ಅವರೇ ಬಾಗಿಲು ತೆರೆದು ಕೊಟ್ಟಿದ್ದರು. ದಿವಾಕರ ಬಗ್ಗಿ ಡಬ್ಬಿಯನ್ನು ಎಳೆದುಕೊಂಡ, ಮುಚ್ಚಳ ತೆಗೆದ, ಕೈ ಹಾಕಿದ. ಸತ್ತ ಭಾಗಗಳು ಬೆರಳಿಗೆ ಚುಚ್ಚಿದವು. ಅಷ್ಟು ಹೊತ್ತೂ ಅವರ ಕಣ್ಣು ತನ್ನ ಕೈಯ ಮೇಲಿರುವುದು ಗೊತ್ತಾಗುತ್ತಿತ್ತು. ಹುಡುಕುವ ನಾಟಕ ಆಡುವುದು ಸುಳ್ಳು ಹೇಳುವುದಕ್ಕಿಂತ ಕಷ್ಟ ಎಂದು ಅವನು ಮೊದಲ ಸಲ ಕಂಡುಕೊಂಡ. ಕೈ ನಿಂತಿತು.

'ಏನೂ ಬದ್ಲಾಯ್ಸಿಲ್ಲ, ಅಲ್ವಾ?' ಎಂದರು ಅವರು. 'ನಿಜ ಹೇಳೋ. ಏನಾಗಿತ್ತು?'

ಅವನು ಎದ್ದು ನಿಂತ. ಕೈ ತಾನಾಗಿ ಗುಂಡಿಯ ಕಡೆ ಹೋಯಿತು. ಒಂದು ಸಲ ಒತ್ತಿ ತೋರಿಸಿದರೆ ಸಾಕು, ಒಂದು ಮಾತೂ ಆಡಬೇಕಾಗಿಲ್ಲ. ಆದರೆ ಒಳಗಿನ ಆ ಬಾಡಿಗೆ ಕೊಡದವನು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದ. ಅವನಿಗೆ ಈ ತಮಾಷೆ ತೋರಿಸಲು ದಿವಾಕರನಿಗೆ ಇಷ್ಟವಿರಲಿಲ್ಲ. ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಬಾಯಿ ಬಿಟ್ಟು ಹೇಳಿದ, ತಲೆ ತಗ್ಗಿಸಿ, ಮನೆಯ ಕನ್ನಡದಲ್ಲಿ: 'ಸರದಿ ಮೇಲೆ ಬರೆಯೋದ್ರಲ್ಲೇ ಇತ್ತು ಸಾರ್. ಗುಂಡಿ ಒತ್ತಿರ್ಲಿಲ್ಲ. ನಾನೂ ನೋಡ್ದೆ ಬಿಚ್ಬುಟ್ಟೆ. ಎರಡು ದಿನ ನಂಗೂ ತೆಳೀಲಿಲ್ಲ.' ಕೊನೆಯ ಮಾತು ನಿಜವೇ ಆದರೂ, ಹೇಳಿದಾಗ ಇನ್ನೊಂದು ಸುಳ್ಳಿನ ಹಾಗೆ ಕೇಳಿಸಿತು.

ಇಸ್ಮಾಯಿಲ್ ಸಾರ್ ಗುಂಡಿಯನ್ನು ನೋಡಿದರು. ಮುಟ್ಟಲಿಲ್ಲ. ಕೆಪ್ಯಾಸಿಟರನ್ನು ಮತ್ತೆ ಕಾಗದದೊಳಗಿಟ್ಟು, ಮೊದಲಿದ್ದ ಮಡಿಕೆಗಳ ಮೇಲೆಯೇ ಮಡಿಸತೊಡಗಿದರು. ಬೆರಳುಗಳು ನಡುಗಲಿಲ್ಲ. ದಿವಾಕರ ಸ್ಟೂಲನ್ನು ಅವರ ಹಿಂದಕ್ಕೆ ಸರಿಸಿದ, ಅವರು ಕೂತರು. ಅವರು ಬೈಯಲಿ ಎಂದು ಅವನು ಕಾದ. ಎದುರಿನ ಶೆಡ್ಡಿನವರನ್ನೆಲ್ಲ ಕರೆದು, ತಮಿಳಿನಲ್ಲಿ ಬೇಕಾದರೂ ಬೈಯಲಿ ಎಂದು ಅವನಿಗೆ ತುಂಬ ಆಸೆಯಾಯಿತು.

'ಹೋದ ತಿಂಗಳು,' ಎಂದರು, 'ನಮ್ಮನೆ ಗ್ಯಾಸ್ ಒಲೆ ಎರಡು ಸಲ ಉರೀತಾನೇ ಉಳ್ಕೊಂಡಿತ್ತು. ಟೀ ಕಾಸ್ಕೊಂಡಿದ್ದು ನಾನೇ. ತಿರುಗಿಸೋದು ಸವೆದಿದೆ, ಆಫ್ ಮಾಡಿದ್ರೂ ನಿಲ್ಲಲ್ಲ ಅಂತ ಮಗಳಿಗೆ ಹೇಳ್ದೆ. ಮಾರನೇ ದಿನ ಅವಳು ಒಬ್ಬನ್ನ ಕರೆಸಿದ್ಳು. ಹತ್ತು ನಿಮಿಷ ನೋಡ್ದ. ಹೌದು ಬಾಯ್, ಪೂರಾ ಸವೆದೋಗಿದೆ ಅಂದ. ಹೊಸದು ಹಾಕಿ, ಹಳೇದನ್ನ ಹಿಂಗೇ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ.'

ದಿವಾಕರ ಡಬ್ಬಿಯ ಮುಚ್ಚಳ ಹಾಕಿ ಬೆಂಚಿನ ಕೆಳಗೆ ತಳ್ಳಿದ.

'ಅವನು ಹೋದ ಮೇಲೆ ಬಿಚ್ಚಿ ನೋಡ್ದೆ. ಒಂದು ಗೀರೂ ಬಿದ್ದಿರ್ಲಿಲ್ಲ ಕಣೋ. ಹೊಸದಿದ್ದ ಹಾಗಿತ್ತು. ನೋಡು, ಈಗಿನ ರಿಪೇರಿಯವರು ಎಂಥಾ ಮೋಸಗಾರರು, ಚೆನ್ನಾಗಿರೋದನ್ನ ಕಿತ್ತು ಹಾಕ್ತಾರೆ ಅಂತ ಅರ್ಧ ಗಂಟೆ ಅವನನ್ನ ಬೈದೆ.' ಅವರು ಪೊಟ್ಟಣವನ್ನು ಅಂಗಿಯ ಜೇಬಿಗೆ, ಎರಡು ಪೆನ್ನುಗಳ ಪಕ್ಕಕ್ಕೆ ಇಳಿಬಿಟ್ಟರು. 'ಮಗಳು ಅಲ್ಲೇ ನಿಂತಿದ್ಳು. ಹೌದು ಅಬ್ಬಾ, ಎಲ್ಲಾ ಮೋಸಗಾರರು ಅಂದ್ಳು.'